ಮೈಸೂರಿನ ರಸ್ತೆಯಲ್ಲಿ ಹಳೆಯ ಕಾರುಗಳನ್ನು ಗುರುತು ಹಿಡಿಯುವುದು ಹೇಗೆ

ಮೈಸೂರಿನಲ್ಲಿ ಹಳೆಯ ಕಾರು ನೋಡಬೇಕೆಂದರೆ ಬಹಳ ಮಂದಿ ರ‍್ಯಾಲಿಗಾಗಿ ಕಾಯುತ್ತಾರೆ, ಇಲ್ಲವೇ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯಕ್ಕೆ ಹೋಗಿಬರುತ್ತಾರೆ. ಕಣ್ಣು ಪಳಗಿಸಿಕೊಳ್ಳಲು ಸಂಗ್ರಹಾಲಯ ಒಳ್ಳೆಯ ಜಾಗವೇ, ಒಮ್ಮೆ ಹೋಗಿಬನ್ನಿ. ನಾನು ಹೇಳಹೊರಟಿರುವುದು ಮಾತ್ರ ತರಕಾರಿ ಚೀಲವನ್ನೂ ಮೊಮ್ಮಕ್ಕಳ ಸ್ಕೂಲ್ ಬ್ಯಾಗನ್ನೂ ಹೊತ್ತು ಇಂದಿಗೂ ದುಡಿಯುತ್ತಿರುವ, ರಾಮಸ್ವಾಮಿ ವೃತ್ತದ ಸಿಗ್ನಲ್‌ನಲ್ಲಿ ನಮ್ಮ ಪಕ್ಕದಲ್ಲೇ ನಿಂತು ಹಸಿರು ದೀಪ ಬಿದ್ದೊಡನೆ ಮರೆಯಾಗುವ ಕಾರುಗಳ ವಿಷಯ. ಅವುಗಳ ಕುಲಗೋತ್ರವನ್ನು ಆ ಅರ್ಧ ನಿಮಿಷದಲ್ಲೇ ತಿಳಿಯಬೇಕು.

ಮೊದಲಿಗೆ, ಕಾರಿನ ಮೇಲೆ ಬರೆದಿರುವ ಹೆಸರನ್ನೂ ಅದರ ಬಣ್ಣವನ್ನೂ ನಂಬುವುದನ್ನು ಬಿಡಬೇಕು. ಮೂವತ್ತು ನಲವತ್ತು ವರ್ಷ ಓಡಿದ ಕಾರು ಟಿಂಕರಿಂಗ್ ಅಂಗಡಿಗೆ ಎಷ್ಟು ಸಲ ಹೋಗಿಬಂದಿರುತ್ತದೋ ಲೆಕ್ಕವಿಲ್ಲ; ಹೋದಾಗಲೆಲ್ಲ ಮೂತಿಯ ಜಾಲರಿಯಾದ ಗ್ರಿಲ್ಲು, ಬಂಪರು, ಹಿಂದಿನ ದೀಪಗಳು ಸಿಕ್ಕಿದ ಮಾಡೆಲಿನವು ಬಂದು ಕೂತಿರುತ್ತವೆ. ಸುಲಭವಾಗಿ ಬದಲಾಯಿಸಲಾಗದ ಭಾಗಗಳೆಂದರೆ ಗಾಜಿನ ಆಕಾರ, ಚಾವಣಿಯ ಇಳಿಜಾರು, ಬಾಗಿಲಿನ ಕೀಲು ಯಾವ ಕಡೆಗಿದೆ ಎಂಬುದು, ಮತ್ತು ಬಾನೆಟ್ ಎಲ್ಲಿಂದ ಎಲ್ಲಿಗೆ ತೆರೆದುಕೊಳ್ಳುತ್ತದೆ ಎಂದು ತೋರಿಸುವ ಸಂದುಗೆರೆ. ಇವನ್ನು ಮೊದಲು ನೋಡಿ, ಮೂತಿಯನ್ನು ಆಮೇಲೆ ನೋಡಿದರೆ ಮೋಸ ಹೋಗುವುದು ಕಡಿಮೆ.

ಫಿಯೆಟ್ ಇದಕ್ಕೆ ಒಳ್ಳೆಯ ಉದಾಹರಣೆ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸಿದ ಈ ಕಾರುಗಳನ್ನು ನಮ್ಮ ಕಡೆ ಎಲ್ಲರೂ ಒಟ್ಟಾಗಿ ಫಿಯೆಟ್ ಎಂದೇ ಕರೆಯುತ್ತಾರೆ. ಆದರೆ 1964ಕ್ಕೆ ಮುಂಚಿನ, ಗುಂಡು ಮೈಯ 1100 ಮಾದರಿಯಲ್ಲಿ ಮುಂದಿನ ಬಾಗಿಲಿನ ಕೀಲು ಹಿಂಬದಿಗಿರುತ್ತದೆ. ಚಾಲಕ ಇಳಿಯುವಾಗ ಮುಂದಿನ ಬಾಗಿಲೂ ಹಿಂದಿನ ಬಾಗಿಲೂ ನಡುವಿನ ಒಂದೇ ಕಂಬದಿಂದ ಎರಡು ಕಡೆಗೆ ಬಿಚ್ಚಿದ ರೆಕ್ಕೆಗಳ ಹಾಗೆ ಕಾಣುತ್ತವೆ. 1964ರಲ್ಲಿ ಬಂದ 1100 ಡಿಲೈಟ್‌ನಲ್ಲಿ ನಾಲ್ಕೂ ಬಾಗಿಲುಗಳ ಕೀಲು ಮುಂದಕ್ಕೆ ಬಂತು. ಎಪ್ಪತ್ತರ ದಶಕದಲ್ಲಿ ಇದೇ ಕಾರು ಮೊದಲು ಪ್ರೆಸಿಡೆಂಟ್ ಎಂದೂ ನಂತರ ಪದ್ಮಿನಿ ಎಂದೂ ಹೆಸರು ಬದಲಿಸಿತು; ಮೈಕಟ್ಟು ಹೆಚ್ಚುಕಡಿಮೆ ಹಾಗೇ ಉಳಿಯಿತು. ಆದ್ದರಿಂದ ಪದ್ಮಿನಿಯ ಗ್ರಿಲ್ ಹಾಕಿಕೊಂಡ ಡಿಲೈಟೂ ಡಿಲೈಟ್‌ನಂತೆ ಸಿಂಗರಿಸಿಕೊಂಡ ಪದ್ಮಿನಿಯೂ ರಸ್ತೆಯಲ್ಲಿ ಕಾಣಸಿಗುತ್ತವೆ. ಬೈಕಿನಲ್ಲಿ ಪಕ್ಕಕ್ಕೆ ನಿಂತಾಗ ಕಿಟಕಿಯೊಳಗೆ ಒಮ್ಮೆ ಕಣ್ಣಾಡಿಸಿ: ಗೇರು ಸ್ಟೇರಿಂಗ್‌ನ ಬುಡದಲ್ಲಿದ್ದರೆ ಅದು ಹಳೆಯ ಕ್ರಮ, ನೆಲದಿಂದ ಎದ್ದಿದ್ದರೆ ಅದು ಕೊನೆಯ ವರ್ಷಗಳ ಕಾರು, ಇಲ್ಲವೇ ಯಾರೋ ಬದಲಾಯಿಸಿದ್ದಾರೆ.

ಅಂಬಾಸಡರ್‌ನ ಕಷ್ಟ ಇದಕ್ಕಿಂತ ಹೆಚ್ಚು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಅಚ್ಚಿನಲ್ಲಿ ಐವತ್ತರ ದಶಕದ ಕೊನೆಗೆ ಬಂಗಾಳದ ಉತ್ತರಪಾರಾದಲ್ಲಿ ಹುಟ್ಟಿದ ಈ ಕಾರು 2014ರವರೆಗೂ ಅದೇ ಮೈಯಲ್ಲಿ ಬಂದದ್ದರಿಂದ, ಅಜ್ಜನೂ ಮೊಮ್ಮಗನೂ ದೂರದಿಂದ ಒಂದೇ ತೆರನಾಗಿ ಕಾಣುತ್ತಾರೆ. ಇಲ್ಲಿ ಅನಿವಾರ್ಯವಾಗಿ ಗ್ರಿಲ್ಲನ್ನೇ ನೋಡಬೇಕು. ಅರವತ್ತರ ದಶಕದ ಮಾರ್ಕ್ 2ರಲ್ಲಿ ಚೌಕುಳಿ ಗ್ರಿಲ್ ಇದ್ದರೆ, 1975ರ ಮಾರ್ಕ್ 3ರಲ್ಲಿ ಅಡ್ಡಪಟ್ಟಿಗಳಿವೆ. 1979ರ ಮಾರ್ಕ್ 4ರಲ್ಲಿ ಚೌಕುಳಿ ಮರಳಿ ಬಂದರೂ ಗ್ರಿಲ್ ಚಿಕ್ಕದಾಯಿತು. ತೊಂಬತ್ತರ ದಶಕದ ಇಸುಝು ಎಂಜಿನ್ನಿನ ಗಾಡಿಗೆ ನೆಲದ ಮೇಲೆ ಐದು ಗೇರು. ಹಿಂದಿನ ಎರಡು ಅಂಚುಗಳಲ್ಲಿ ಸಣ್ಣಗೆ ರೆಕ್ಕೆಯಂತೆ ಎದ್ದ ತಗಡೇ ಇಲ್ಲದೆ ಹಿಂಭಾಗ ಪೂರ್ತಿ ಗುಂಡಗಿದ್ದು, ಬಾನೆಟ್ಟೂ ನುಣ್ಣಗಿದ್ದರೆ, ಅದು ಅಂಬಾಸಡರ್ ಅಲ್ಲವೇ ಅಲ್ಲ, ಅದಕ್ಕೂ ಹಿಂದಿನ ಲ್ಯಾಂಡ್‌ಮಾಸ್ಟರ್. ಅದು ಕಂಡರೆ ಆ ದಿನದ ಉಳಿದ ಕೆಲಸ ಕೆಟ್ಟರೂ ಚಿಂತೆಯಿಲ್ಲ ಎಂಬುದು ನನ್ನ ಅಭಿಪ್ರಾಯ.

ಚೆನ್ನೈಯ ಸ್ಟಾಂಡರ್ಡ್ ಹೆರಾಲ್ಡ್‌ನಲ್ಲಿ ಬಾನೆಟ್ಟೂ ಮುಂದಿನ ಮಡ್‌ಗಾರ್ಡುಗಳೂ ಒಂದೇ ತುಂಡು. ಸಂದುಗೆರೆ ಚಕ್ರದ ಹಿಂದೆ ಮೇಲಿನಿಂದ ಕೆಳಕ್ಕೆ ಇಳಿದಿರುವುದನ್ನು ಕಂಡರೆ ಹೆಸರು ಓದುವ ಅಗತ್ಯವಿಲ್ಲ. ಪ್ರೀಮಿಯರ್ 118 ಎನ್‌ಇ ಬೆಂಕಿಪೊಟ್ಟಣದಂತೆ ಚೌಕಾಕಾರದ್ದು. ಅದರ ಮೈ ಫಿಯೆಟ್ 124ರದ್ದು, ಎಂಜಿನ್ ನಿಸಾನ್‌ನದು. ಕಾಂಟೆಸಾ ಉದ್ದ ಬಾನೆಟ್ಟಿನಿಂದಲೇ ಸಿಕ್ಕಿಬೀಳುತ್ತದೆ. 1991ರ ಟಾಟಾ ಸಿಯೆರಾಗೆ ಎರಡೇ ಬಾಗಿಲು, ಹಿಂದೆ ಚಾವಣಿಯವರೆಗೂ ಬಾಗಿ ಏರಿದ ದೊಡ್ಡ ಗಾಜು. ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಸಿಪಾನಿ ಡಾಲ್ಫಿನ್‌ನ ಮೈ ತಗಡಲ್ಲ, ಫೈಬರ್. ಅದಕ್ಕೆ ತುಕ್ಕು ಹಿಡಿಯುವುದಿಲ್ಲ, ಗುದ್ದಿದರೆ ತಗ್ಗು ಬೀಳುವುದರ ಬದಲು ಬಿರುಕು ಬಿಡುತ್ತದೆ.

ಮಾರುತಿ 800 ಕಂಡರೆ ಯಾರೂ ತಲೆಯೆತ್ತಿ ನೋಡುವುದಿಲ್ಲ, ನೋಡಬೇಕಾದದ್ದು ಅದನ್ನೇ. 1983ರ ಡಿಸೆಂಬರಿನಲ್ಲಿ ಬಂದ ಮೊದಲ ಮಾದರಿ 1986ರವರೆಗೆ ಮಾತ್ರ ಇದ್ದು, ನಮಗೆಲ್ಲ ಗೊತ್ತಿರುವ ನುಣುಪು ಮೂತಿಯ ಕಾರು ಆಮೇಲಿನದು. ಮೊದಲಿನದು ಇನ್ನೂ ಪುಟ್ಟದು, ಮೂಲೆಮೂಲೆಯಾದದ್ದು. ಗುಜರಿಗೆ ಹೋಗದೆ ಉಳಿದ ಅಂಥ ಕಾರು ಹೊಳೆಹೊಳೆಯುವ ವಿದೇಶಿ ಕಾರಿಗಿಂತ ಅಪರೂಪದ ನೋಟ.

ಜೀಪಿನ ವಿಷಯದಲ್ಲಿ ನಾನೇ ಏಮಾರಿದ್ದೇನೆ. ಮಂಡ್ಯದ ಸಂಜಯ ವೃತ್ತದಿಂದ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ನುಸುಳುತ್ತಾ ಹೊರಟಿದ್ದ ಹಸಿರು ಜೀಪೊಂದನ್ನು ಎರಡನೆಯ ಮಹಾಯುದ್ಧಕಾಲದ, ಅಮೆರಿಕದ ವಿಲ್ಲಿಸ್ ಎಂದುಕೊಂಡು ಒಂದು ಕಿಲೋಮೀಟರ್ ಹಿಂಬಾಲಿಸಿದ್ದೆ. ಟೀ ಅಂಗಡಿಯ ಮುಂದೆ ನಿಲ್ಲಿಸಿದ ಯಜಮಾನರು ನಕ್ಕು, “ವಿಲ್ಲಿಸ್ ಎಲ್ಲಿ ಬಂತು ಸಾ, ಮಹೀಂದ್ರ ಇದು. ಮೂತಿ ಮಾತ್ರ ಬದಲಾಯ್ಸಿವ್ನಿ” ಎಂದರು. ಅಂದಿನಿಂದ ಮೂತಿಯನ್ನು ಬಿಟ್ಟು ಬೆನ್ನನ್ನು ನೋಡುತ್ತೇನೆ. ಯುದ್ಧಕ್ಕಾಗಿ ಮಾಡಿದ ಜೀಪಿನ ಹಿಂಬದಿ ತೆರೆಯುವುದಿಲ್ಲ, ಸ್ಟೆಪ್ನಿ ಅಲ್ಲೇ ನೇತಾಡುತ್ತದೆ. ಯುದ್ಧಾನಂತರ ಜನಸಾಮಾನ್ಯರಿಗೆ ಮಾಡಿದ ವಿಲ್ಲಿಸ್‌ನಲ್ಲಿ ಹಿಂದೆ ಇಳಿಸುವ ಬಾಗಿಲಿದ್ದು ಸ್ಟೆಪ್ನಿ ಪಕ್ಕಕ್ಕೆ ಸರಿದಿರುತ್ತದೆ. ಮುಂದೆ ನೋಡುವುದಾದರೆ ಗ್ರಿಲ್ಲಿನ ಕಂಡಿಗಳನ್ನು ಎಣಿಸಿ: ಅಚ್ಚೊತ್ತಿದ ಗ್ರಿಲ್ಲಿನ ಯುದ್ಧದ ಜೀಪಿಗೆ 9 ಕಂಡಿ, ಒಳಕ್ಕೆ ಹುದುಗಿದ ಸಣ್ಣ ದೀಪಗಳು, ಜನರ ಜೀಪಿಗೆ 7 ಕಂಡಿ, ಹೊರಕ್ಕೆ ಉಬ್ಬಿದ ದೊಡ್ಡ ದೀಪಗಳು. ಬಾನೆಟ್ ಎತ್ತರವಾಗಿ ಪೆಟ್ಟಿಗೆಯಂತೆ ಕಂಡರೆ ಅದು ವಿಲ್ಲಿಸ್‌ನ ಸಿಜೆ 3ಬಿ ಎಂಬ ಮಾದರಿಯ ವಂಶದ್ದು. ಎತ್ತರದ ಎಂಜಿನ್ನನ್ನು ಒಳಗೆ ಕೂರಿಸಲು ಬಾನೆಟ್ಟನ್ನು ಮೇಲೆತ್ತಬೇಕಾಯಿತು.

ನಂಬರ್ ಪ್ಲೇಟನ್ನು ಸಾಕ್ಷಿಯಾಗಿ ಬಳಸಬಹುದು, ತೀರ್ಪಾಗಿ ಅಲ್ಲ. ಕೆಎ 09, ಕೆಎ 55, ಮಂಡ್ಯದ ಕೆಎ 11 ಎಂಬ ಈಗಿನ ಕ್ರಮ 1989ರಲ್ಲಿ ಬಂದದ್ದು. ಅದಕ್ಕೂ ಮುಂಚೆ ಮೂರು ಅಕ್ಷರ ಮತ್ತು ಅಂಕಿಗಳಷ್ಟೇ ಇದ್ದವು: ಎಂವೈ, ಎಂಇ ಎಂದು ಆರಂಭವಾಗುವವು ಹಳೆಯ ಮೈಸೂರು ರಾಜ್ಯದ ಕಾಲದವು, ಸಿ ಅಕ್ಷರದಿಂದ ಆರಂಭವಾಗುವವು ಆಮೇಲಿನವು. ಆದರೆ ಬೇರೆ ರಾಜ್ಯದಿಂದ ಬಂದು ಇಲ್ಲಿ ಮತ್ತೆ ನೋಂದಣಿಯಾದ ಅರವತ್ತರ ದಶಕದ ಕಾರಿಗೂ ಕೆಎ ಸಂಖ್ಯೆ ಇರುತ್ತದೆ. ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನೋಂದಣಿಯನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿದೆ. ಅದನ್ನು ಪಡೆದವರು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥ ಕಾರಣಗಳಿಗೆ ಹೊರತು ದಿನಬಳಕೆಗೆ ಕಾರನ್ನು ರಸ್ತೆಗಿಳಿಸುವಂತಿಲ್ಲ. ಹೀಗಾಗಿ ನಾವು ಹುಡುಕುತ್ತಿರುವ ದುಡಿಯುವ ಕಾರುಗಳ ಪ್ಲೇಟು ಸಾಮಾನ್ಯವಾಗಿಯೇ ಇರುತ್ತದೆ.

ಎಲ್ಲಿ, ಯಾವಾಗ ನೋಡಬೇಕು? ಸಯ್ಯಾಜಿರಾವ್ ರಸ್ತೆಯ ಸಂಜೆಯ ನೂಕುನುಗ್ಗಲಿಗೆ ಹಳೆಯ ಕಾರಿನವರು ಬರುವುದಿಲ್ಲ; ಕ್ಲಚ್ ಒತ್ತಿ ಒತ್ತಿ ಕಾಲು ಸೋಲುತ್ತದೆ, ಎಂಜಿನ್ ಕಾಯುತ್ತದೆ. ಬೆಳಿಗ್ಗೆ ಆರರಿಂದ ಎಂಟರವರೆಗೆ ಕುಕ್ಕರಹಳ್ಳಿ ಕೆರೆಯ ಸುತ್ತ ವಾಯುವಿಹಾರಿಗಳು ನಿಲ್ಲಿಸುವ ಗಾಡಿಗಳನ್ನೂ ಒಂಟಿಕೊಪ್ಪಲು, ಸರಸ್ವತಿಪುರಂ, ಜಯಲಕ್ಷ್ಮೀಪುರಂನ ಹಳೆಯ ಮನೆಗಳ ಮುಂದಿನ ಸಾಲನ್ನೂ ನೋಡಿ. ಟಾರ್ಪಾಲಿನ್ ಹೊದ್ದ ಕಾರನ್ನೂ ಕೆಳಗಿನಿಂದ ಓದಬಹುದು: ಸಣ್ಣ ತೆಳು ಚಕ್ರ, ನೆಲದ ಮೇಲೆ ಎಣ್ಣೆ ತೊಟ್ಟಿಕ್ಕಿದ ಕರಿ ಮಚ್ಚೆ, ಹ್ಯಾಂಡ್‌ಬ್ರೇಕನ್ನು ನಂಬದೆ ಹಿಂದಿನ ಚಕ್ರಕ್ಕೆ ಕೊಟ್ಟ ಕಲ್ಲು. ನಮ್ಮ ಬೀದಿಯ ತುದಿಯಲ್ಲಿ ಅಂಥದ್ದೊಂದು ಕಲ್ಲು ಎಷ್ಟೋ ವರ್ಷದಿಂದ ಕೂತು ಚಕ್ರದ ಆಕಾರಕ್ಕೇ ಸವೆದಿದೆ. ಕಲ್ಲು ರಸ್ತೆಯಲ್ಲಿ ಒಂಟಿಯಾಗಿದ್ದರೆ ಪದ್ಮಿನಿ ಮಾರುಕಟ್ಟೆಗೆ ಹೋಗಿದೆ ಎಂದರ್ಥ.

ವರ್ಷದಲ್ಲಿ ಒಂದೇ ದಿನ ಬಿಡುವಿದೆ ಎನ್ನುವವರು ಆಯುಧಪೂಜೆಯಂದು ಹೊರಡಲಿ. ಜನರೆಲ್ಲ ಅರಮನೆಯ ಕಡೆ ಹೋಗುವಾಗ ನೀವು ಹಳೆಯ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ನಡೆಯಿರಿ. ಸ್ಟಾರ್ಟ್ ಆಗದ ಕಾರನ್ನೂ ಅಂದು ತಳ್ಳಿ ಹೊರಗೆ ತಂದು ತೊಳೆದು, ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ಶೆಡ್ಡಿನ ಬಾಗಿಲುಗಳು ತೆರೆದಿರುತ್ತವೆ, ಯಜಮಾನರು ಅಲ್ಲೇ ನಿಂತಿರುತ್ತಾರೆ, ಮಾತಿಗೆ ಸಿಗುತ್ತಾರೆ. ಯಾದವಗಿರಿಯ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳೂ ಅದೇ ಶೆಡ್ಡಿನ ಮೂಲೆಯಿಂದ ಹೊರಬರುತ್ತವೆ. ಅವು ಕಾರಲ್ಲ, ಆದರೂ ಮೈಸೂರಿನವನಾಗಿ ಅವನ್ನು ನೋಡದೆ ಮುಂದೆ ಹೋಗುವುದು ನನ್ನಿಂದಾಗದು.

ಗಾಡಿ ಓಡಿಸುತ್ತಾ ಫೋಟೊ ತೆಗೆಯಬೇಡಿ. ಅದು ಅಪಾಯವೂ ಹೌದು, ಕಾನೂನಿನ ಪ್ರಕಾರ ಅಪರಾಧವೂ ಹೌದು. ನಿಂತ ಕಾರಾದರೆ ಯಜಮಾನರನ್ನು ಕೇಳಿ ತೆಗೆಯಿರಿ, ಮುಟ್ಟುವ ಮುನ್ನವಂತೂ ಕೇಳಲೇಬೇಕು. “ಯಾವ ವರ್ಷದ್ದು ಸಾರ್?” ಎಂದು ಕೇಳಿದರೆ ಮುಖ ಅರಳುತ್ತದೆ; “ಎಷ್ಟಕ್ಕೆ ಕೊಡ್ತೀರಿ?” ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಜೇಬಿನಲ್ಲೊಂದು ಪುಟ್ಟ ಪುಸ್ತಕವಿರಲಿ. ಕಂಡ ಜಾಗ, ಹೊತ್ತು, ಬಾಗಿಲು, ಗಾಜು, ಗ್ರಿಲ್ಲುಗಳ ವಿವರ, ನಿಮ್ಮ ಅಂದಾಜಿನ ವರ್ಷ ಇಷ್ಟನ್ನು ಮೊದಲು ಬರೆದುಕೊಂಡು, ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ನೋಂದಣಿಯ ದಿನಾಂಕವನ್ನು ಆಮೇಲೆ ನೋಡಿ. ಆ್ಯಪನ್ನು ಮೊದಲೇ ನೋಡಿಬಿಟ್ಟರೆ ಕಣ್ಣು ಕಲಿಯುವುದಿಲ್ಲ. ಅಂದಾಜಿಗೂ ದಾಖಲೆಗೂ ತಾಳೆಯಾಗದಿದ್ದರೆ ಎರಡನ್ನೂ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ. ಅದೇ ಕಾರು ಮತ್ತೊಂದು ಸಿಗ್ನಲ್‌ನಲ್ಲಿ ಸಿಕ್ಕಾಗ ಮೊದಲು ಎಲ್ಲಿ ನೋಡಬೇಕೆಂಬುದು ಆ ಚಿಹ್ನೆಯಿಂದಲೇ ಗೊತ್ತಾಗುತ್ತದೆ.