ಖಾಲಿ ಬಾಟ್ಲಿ ನೋಡಿ ಇನ್ಸುಲಿನ್ ಡೋಸ್ ಹಿಡಿದ ನನ್ನ ಅನುಭವ

ಇನ್ಸುಲಿನ್ ಬರೆಸಿಕೊಂಡು ಹೋದವರು ಮನೆಯಲ್ಲಿ ನಿಜವಾಗಿ ಎಷ್ಟು ಹಾಕಿಕೊಳ್ಳುತ್ತಾರೆ? ಅದನ್ನು ತಿಳಿಯಲು ನಾನು ಖಾಲಿ ಬಾಟ್ಲಿ ವಾಪಸ್ ತರಿಸಲು ಶುರು ಮಾಡಿದೆ. ಕ್ಲಿನಿಕ್‌ನಲ್ಲಿ ಎಲ್ಲರೂ ನಕ್ಕರು. ಮೆಡಿಕಲ್ ಶಾಪಿನವರು "ಸಿಸ್ಟರ್ ಗುಜರಿ ಅಂಗಡಿ ಇಡ್ತಾರಂತೆ" ಅಂದರು. ಈಗ ಶುಗರ್ ಜಾಸ್ತಿ ಬಂದರೆ ಡೋಸ್ ಏರಿಸುವ ಮೊದಲು ನಮ್ಮ ಡಾಕ್ಟರೇ "ಬಾಟ್ಲಿ ನೋಡಿದ್ರಾ?" ಎಂದು ಕೇಳುತ್ತಾರೆ.

ನಾನಿರುವುದು ಚಳ್ಳಕೆರೆ ಕಡೆಯ ಸಣ್ಣ ಕ್ಲಿನಿಕ್. ಬರುವವರಲ್ಲಿ ಹೆಚ್ಚಿನವರು 30/70 ವಯಲ್, ಅಂದರೆ ಬೇಗ ಕೆಲಸ ಮಾಡುವ 30 ಭಾಗ, ನಿಧಾನಕ್ಕೆ ಕೆಲಸ ಮಾಡುವ 70 ಭಾಗ ಬೆರೆತ ಇನ್ಸುಲಿನ್ ಬಾಟ್ಲಿ, ಹಾಕಿಕೊಳ್ಳುವವರು. ಮೊದಲು ಅವರಿಗೆಲ್ಲ ಡೋಸ್ ಬರೆಯುವ ಪುಸ್ತಕ ಅಚ್ಚು ಹಾಕಿಸಿ ಕೊಟ್ಟೆವು, ಸಾವಿರದೈನೂರು ರೂಪಾಯಿ ಹತ್ತಿರ ಹೋಯಿತು. ತಿಂಗಳಿಡೀ ಒಂದೇ ಪೆನ್ನು, ಒಂದೇ ಕೈ. ಬರುವ ದಿನ ಬೆಳಿಗ್ಗೆ ಕೂತು ತುಂಬಿಸಿದ್ದು ನೋಡಿದರೇ ತಿಳಿಯುತ್ತಿತ್ತು. ಆಮೇಲೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಸಿದೆವು, ಅದೂ ಅಷ್ಟೇ. ಸಂಜೆ ಫೋನ್ ಮಾಡಿ ಕೇಳಿದರೆ ಎಲ್ಲರದೂ "ಹೂಂ, ಹಾಕಿದೆ".

ಆಗ ಹೊಳೆದದ್ದು ಲೆಕ್ಕ. ಎಂಎಲ್‌ಗೆ 40 ಯೂನಿಟ್ ಇರುವ 10 ಎಂಎಲ್ ಬಾಟ್ಲಿ ಅಂದರೆ ಒಟ್ಟು 400 ಯೂನಿಟ್ ಅಲ್ವಾ? ಬೆಳಿಗ್ಗೆ 20, ರಾತ್ರಿ 10 ಹಾಕುವವರಿಗೆ ಅದು 13 ದಿನ ಬರಬೇಕು. ಗುಳ್ಳೆ ತೆಗೆಯುವಾಗ ಸ್ವಲ್ಪ ಹೋಗುತ್ತದೆ, 12 ಅಂತ ಇಟ್ಟುಕೊಳ್ಳಿ. ಬಾಟ್ಲಿಗೆ ಒಂದು ತುಂಡು ಟೇಪ್ ಅಂಟಿಸಿ, ಬಳಸಲು ಶುರು ಮಾಡಿದ ದಿನ ಮತ್ತು ಮುಗಿದ ದಿನ ಬರೆಸುತ್ತೇವೆ. ಮೊಮ್ಮಕ್ಕಳೇ ಬರೆದುಕೊಡುತ್ತಾರೆ. ನಲವತ್ತು ರೂಪಾಯಿಯ ಟೇಪ್ ರೋಲ್ ತಿಂಗಳುಗಟ್ಟಲೆ ಬರುತ್ತದೆ.

ಮೊದಲು ಸಿಕ್ಕಿದ್ದು ಒಬ್ಬ ಅಜ್ಜಿ. ದಿನಕ್ಕೆ 30 ಯೂನಿಟ್ ಬರೆದಿತ್ತು, ಬಾಟ್ಲಿ ಮಾತ್ರ ತಿಂಗಳು ದಾಟಿತ್ತು. "ಡಾಕ್ಟರ್ ಹೇಳಿದಷ್ಟೇ ಹಾಕ್ತಿದೀನಿ ಕಣಮ್ಮ" ಅಂದರು, ಅದು ನಿಜವೂ ಆಗಿತ್ತು. ಸಿರಿಂಜ್ ತರಿಸಿ ನೋಡಿದರೆ ಕಿತ್ತಳೆ ಮುಚ್ಚಳದ್ದು, ಅಂದರೆ ಎಂಎಲ್‌ಗೆ 100 ಯೂನಿಟ್ ಇರುವ ಬಾಟ್ಲಿಗೆ ಗೆರೆ ಹಾಕಿದ್ದು. ಬಾಟ್ಲಿ 40ರದ್ದು, ಅದಕ್ಕೆ ಕೆಂಪು ಮುಚ್ಚಳದ್ದೇ ಬೇಕು. 30ರ ಗೆರೆಯವರೆಗೆ ಎಳೆದರೂ ಒಳಗೆ ಹೋಗುತ್ತಿದ್ದದ್ದು ಬರೀ 12 ಯೂನಿಟ್. ಶುಗರ್ ಇಳಿಯುತ್ತಿಲ್ಲ ಎಂದು ಅಷ್ಟರಲ್ಲಿ ಡೋಸ್ ಬೇರೆ ಏರಿಸಿ ಆಗಿತ್ತು!

ಇಲ್ಲೇ ತುಂಬಾ ಹುಷಾರಾಗಿರಬೇಕು. ಸುಮ್ನೆ ಕೆಂಪು ಮುಚ್ಚಳದ ಸಿರಿಂಜ್ ಕೈಗೆ ಕೊಟ್ಟು ಕಳಿಸಬೇಡಿ. ಒಂದೇ ದಿನದಲ್ಲಿ 12ರಿಂದ 30ಕ್ಕೆ ಹಾರಿದರೆ ರಾತ್ರಿ ಲೋ ಶುಗರ್ ಆಗಿಬಿಡುತ್ತದೆ. ಮೊದಲು ಡಾಕ್ಟರಿಗೆ ಹೇಳಿ, ಡೋಸ್ ಹೊಸದಾಗಿ ಬರೆಸಿ, ಆಮೇಲೆ ಸಿರಿಂಜ್ ಬದಲಿಸಿ. ಉಲ್ಟಾ ಕೇಸ್ ಇನ್ನೂ ಅಪಾಯ. 100ರ ಬಾಟ್ಲಿಗೆ ಕೆಂಪು ಮುಚ್ಚಳದ ಸಿರಿಂಜ್ ಹಾಕಿದರೆ ಎರಡೂವರೆ ಪಟ್ಟು ಹೋಗುತ್ತದೆ. ಅಂಥವರು ಸಿಕ್ಕರೆ ಆ ಕ್ಷಣವೇ ಡಾಕ್ಟರ್ ಮುಂದೆ ಕೂರಿಸಿ.

ಇನ್ನು ಕೆಲವರ ಸಿರಿಂಜ್ ಸರಿಯಾಗೇ ಇತ್ತು, ಆದರೆ 13 ದಿನದ ಬಾಟ್ಲಿ 20 ದಿನ ಬರುತ್ತಿತ್ತು. ಲೆಕ್ಕ ಹಾಕಿದರೆ ದಿನಕ್ಕೆ 20 ಯೂನಿಟ್ ಮಾತ್ರ, ರಾತ್ರಿಯ 10 ಇಲ್ಲವೇ ಇಲ್ಲ. ಕಾರಣ ದುಡ್ಡು. ಬಾಟ್ಲಿಗೆ ನೂರೈವತ್ತರ ಆಸುಪಾಸು, ಸಿರಿಂಜ್ ಒಂದಕ್ಕೆ ಎಂಟು ಹತ್ತು ರೂಪಾಯಿ, ತಿಂಗಳಿಗೆ ಎರಡು ಮೂರು ಬಾಟ್ಲಿ. ಕೂಲಿಗೆ ಹೋಗುವವರಿಗೆ ಇದು ಸಣ್ಣ ಮೊತ್ತವಲ್ಲ. ಅವರನ್ನು ಬೈದರೆ ಮುಂದಿನ ಸಲ ಬಾಟ್ಲಿ ತರುವುದೇ ಇಲ್ಲ. ನಾನು ಬೈಯುವುದಿಲ್ಲ, ಜನೌಷಧಿ ಅಂಗಡಿಯ ದಾರಿ ತೋರಿಸುತ್ತೇನೆ, ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದಾ ಎಂದು ನಾನೇ ವಿಚಾರಿಸಿಕೊಡುತ್ತೇನೆ.

ದಿನದ ಲೆಕ್ಕ ಸರಿ ಇದ್ದೂ ಶುಗರ್ ಮೇಲೆ ಕೆಳಗೆ ಆಗುತ್ತಿದ್ದರೆ ಎರಡು ನೋಡಿ. ಬಾಟ್ಲಿಯನ್ನು ಅಂಗೈಯಲ್ಲಿ ಹೊರಳಿಸಿ ಹಾಲಿನ ಬಣ್ಣ ಬರಿಸುತ್ತಾರಾ? ಹೊಟ್ಟೆಯ ಒಂದೇ ಜಾಗಕ್ಕೆ ಚುಚ್ಚಿ ಅಲ್ಲಿ ಗಂಟು ಬಂದಿದೆಯಾ? ಗಂಟನ್ನು ಬೆರಳಾಡಿಸಿಯೇ ನೋಡಬೇಕು, ಎಷ್ಟೋ ಸಲ ಕಣ್ಣಿಗೆ ಕಾಣುವುದಿಲ್ಲ.

ಮಧ್ಯೆ ಇನ್ಸುಲಿನ್ ತಂಪಾಗಿಡಲು ಮಡಕೆ ಪ್ರಯೋಗವನ್ನೂ ಮಾಡಿದೆ. ಫ್ರಿಜ್ ಇಲ್ಲದ ಮನೆಗಳಿಗೆ ದೊಡ್ಡ ಮಡಕೆಯೊಳಗೆ ಚಿಕ್ಕದು, ನಡುವೆ ಒದ್ದೆ ಮರಳು. ಏಪ್ರಿಲ್‌ನಲ್ಲಿ ಕೋಣೆ 38 ಡಿಗ್ರಿ ಇದ್ದಾಗ ಒಳಗೆ 27ರ ಹತ್ತಿರ ಇತ್ತು. ನಮ್ಮ ಒಣ ಹವೆಗೆ ಇದು ಸರಿ, ಕರಾವಳಿಯ ಸೆಕೆಗೆ ಇಷ್ಟು ತಂಪಾಗದು. ಬಳಸುತ್ತಿರುವ ಬಾಟ್ಲಿಗೆ ಮಾತ್ರ ಇದು, ಹೊಸದನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ಬಳಸಲು ಶುರು ಮಾಡಿ ನಾಲ್ಕು ವಾರವಾದರೆ, ಉಳಿದಿದ್ದರೂ ಎಸೆಯಿರಿ.

ಮರೆಗುಳಿಗಳಿಂದಲೂ ಬಾಟ್ಲಿ ತರಿಸುವ ಉಪಾಯ ನನ್ನ ಹತ್ತಿರ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಸಿರಿಂಜ್ ತರಲು ಹೇಳುವಾಗ ಮಾತ್ರ ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮುಚ್ಚಳ ಹಾಕಿ ತರಲು ಹೇಳಿ.

ಈಗ ಇನ್ಸುಲಿನ್ ಪೆನ್ (ಪೆನ್ನಿನ ಆಕಾರದ ಚುಚ್ಚುವ ಸಾಧನ) ಬಳಸುವವರಿಗೂ ಇದೇ ಲೆಕ್ಕ ಹಚ್ಚುತ್ತಿದ್ದೇನೆ. ಪೆನ್ನಿನ 3 ಎಂಎಲ್‌ನಲ್ಲಿ 300 ಯೂನಿಟ್. ಪ್ರತಿ ಸಲ ಚುಚ್ಚುವ ಮೊದಲು 2 ಯೂನಿಟ್ ಹೊರಗೆ ಬಿಟ್ಟು ಸರಿಯಾಗಿ ಬರುತ್ತದಾ ನೋಡಬೇಕಲ್ವಾ, ಹಾಗಾಗಿ ಎರಡು ಸಲ ಸೇರಿ ದಿನಕ್ಕೆ 30 ಹಾಕುವವರಿಗೆ ಒಂಬತ್ತನೇ ದಿನಕ್ಕೇ ಮುಗಿಯಬೇಕು. ಸರಿಯಾಗಿ ಹತ್ತು ದಿನ ಬಂತು ಅಂದರೆ ಆ 2 ಯೂನಿಟ್ ಬಿಡುತ್ತಿಲ್ಲವೇನೋ ಎಂದು ಅನುಮಾನಿಸಿ, ಎದುರಿಗೆ ಕೂರಿಸಿಕೊಂಡು ಒಂದು ಸಲ ಹಾಕಿಸಿ ನೋಡಿ.