ಹಾವಿನ ಗೂಡಿಗೆ ಯಾವ ಹಾಸು?

ಇಲ್ಲಿ ಅಮೆರಿಕದಲ್ಲಿ ಮೊದಲ ಬಾರಿಗೆ ಕಾರ್ನ್ ಸ್ನೇಕ್ ಎಂಬ ವಿಷವಿಲ್ಲದ ಹಾವನ್ನು ಸಾಕುವವರಿಗೆ ಒಂದು ಮಾತು. ಪರಿಮಳ ಚೆನ್ನಾಗಿದೆ ಎಂದು ಸೀಡರ್ ಮರದ ಹೊಟ್ಟನ್ನು ಮಾತ್ರ ಕೊಳ್ಳಬೇಡಿ. ಆ ಪರಿಮಳವೇ ಹಾವಿಗೆ ವಿಷ.

ನಾನು ಹಾಸುವುದು ಆಸ್ಪೆನ್ ಮರದ ಹೆರೆತ. ಈ ಹಾವಿಗೆ ಹುದುಗಿ ಕೂರುವುದೇ ನೆಮ್ಮದಿ. ಮೂರು ಇಂಚು ದಪ್ಪ ಹಾಸಿದರೆ ತಾನೇ ಸುರಂಗ ಕೊರೆದುಕೊಳ್ಳುತ್ತದೆ, ಸುರಂಗ ಕುಸಿಯುವುದೂ ಇಲ್ಲ. ಆದರೆ ಆಸ್ಪೆನ್‌ಗೆ ನೀರು ಶತ್ರು. ನಮ್ಮ ಹಾವು ನೀರಿನ ಬಟ್ಟಲನ್ನು ಮಗುಚಿದ್ದು ಗೊತ್ತಾಗದೆ, ಕೆಲವೇ ದಿನಗಳಲ್ಲಿ ಆ ಮೂಲೆಯೆಲ್ಲ ಬೂಷ್ಟು. ಅಂದಿನಿಂದ ಭಾರದ ಪಿಂಗಾಣಿ ಬಟ್ಟಲು ಇಟ್ಟಿದ್ದೇನೆ.

ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಹೆಬ್ಬಾವು) ಆದರೆ ಲೆಕ್ಕ ಬೇರೆ. ಅದಕ್ಕೆ ಶೇ 60ಕ್ಕಿಂತ ಹೆಚ್ಚು ತೇವಾಂಶ ಬೇಕು, ಇಲ್ಲವಾದರೆ ಪೊರೆ ಚೂರುಚೂರಾಗಿ ಕಳಚುತ್ತದೆ. ತೆಂಗಿನ ಸಿಪ್ಪೆಯ ಚೂರು ಒಳ್ಳೆಯದು (ನಮ್ಮೂರಿನಲ್ಲಿ ಒಲೆಗೆ ಹಾಕುವುದನ್ನು ಇಲ್ಲಿ ದುಡ್ಡು ಕೊಟ್ಟು ತರುತ್ತೇವೆ). ಮೂಲೆಗಳಲ್ಲಿ ನೀರು ಸುರಿದು ಕೆಳಪದರ ನೆನೆಸಿ, ಮೇಲ್ಪದರ ಒಣಗಿರಲಿ. ಸದಾ ಒದ್ದೆಯ ಮೇಲೆ ಮಲಗಿದರೆ ಹೊಟ್ಟೆಯ ಹುರುಪೆಗಳು ಕೊಳೆಯುತ್ತವೆ.

ಹೊಸ ಹಾವಿಗೆ ಮೊದಲ ಒಂದೆರಡು ತಿಂಗಳು ಬಿಳಿಯ ಟಿಶ್ಯೂ ಕಾಗದವೇ ಸಾಕು. ನೋಡಲು ಅಂದವಿಲ್ಲ, ನಿಜ. ಆದರೆ ಕರಿಯ ಉಣ್ಣೆಹುಳು, ಹಿಕ್ಕೆಯ ಬದಲಾವಣೆ ಎರಡೂ ತಕ್ಷಣ ಕಣ್ಣಿಗೆ ಬೀಳುತ್ತವೆ.

ಊರಿನಿಂದ ಓದುತ್ತಿರುವವರು ಕೇರೆ ಹಾವನ್ನು ಹಿಡಿದು ಸಾಕಲು ಹೊರಡಬೇಡಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ.