ಅಕ್ಕಿ ಡಬ್ಬದಲ್ಲಿ ಒಂಟಿ ಚಾನೆಲ್: ಗ್ರಾಮಿಸಿಡಿನ್ ಜೊತೆ ನನ್ನ ಅನುಭವ

ಗ್ರಾಮಿಸಿಡಿನ್ ಅನ್ನೋದು ಒಂದು ಪುಟ್ಟ ಪೆಪ್ಟೈಡ್, ತೆಳು ಲಿಪಿಡ್ (ಕೊಬ್ಬಿನಂಥ ಅಣು) ಪೊರೆಯಲ್ಲಿ ಅಯಾನುಗಳು ದಾಟುವ ಕೊಳವೆ, ಅಂದರೆ ಚಾನೆಲ್, ಕಟ್ಟುತ್ತದೆ. ಕಂಪನಿ ಆಂಪ್ಲಿಫೈಯರ್ ಇಲ್ಲದೆ, ಅದುರದ ಟೇಬಲ್ ಇಲ್ಲದೆ ಒಂಟಿ ಚಾನೆಲ್ ಕಾಣೋದೇ ಇಲ್ಲ ಅಂತ ನನಗೆ ಹೇಳದವರಿಲ್ಲ. ಹೋದ ತಿಂಗಳು ಕಂಡಿತು. 1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, 100 ಮಿಲಿವೋಲ್ಟ್, ಡಿಫೈಟನಾಯಿಲ್ ಪಿಸಿ ಅನ್ನೋ ಲಿಪಿಡ್‌ನ ಪೊರೆ. ಒಂದೊಂದು ಚಾನೆಲ್ ತೆರೆದಾಗಲೂ ಕರೆಂಟ್‌ನಲ್ಲಿ ಎರಡು ಪಿಕೋ ಆಂಪಿಯರ್ (ಆಂಪಿಯರ್‌ನ ಲಕ್ಷ ಕೋಟಿಯಲ್ಲೊಂದು ಪಾಲು) ಚಿಲ್ಲರೆ ಎತ್ತರದ ಮೆಟ್ಟಿಲುಗಳು ಒಂದರ ಮೇಲೊಂದು ಬಂದವು.

ಮೊದಲ ಐದಾರು ತಿಂಗಳು ಆಂಪ್ಲಿಫೈಯರ್ ತಿಂದುಹಾಕಿತು. ಒಳ್ಳೆಯ ಆಪ್‌ಆಂಪ್ (ಆಂಪ್ಲಿಫೈಯರ್ ಚಿಪ್), 10 ಗಿಗಾ ಓಮ್ ರೆಸಿಸ್ಟರ್, ಬ್ಯಾಟರಿ, ಇಷ್ಟೇ ಸರ್ಕ್ಯೂಟ್. ಆದರೆ ಬೋರ್ಡಿನ ಮೇಲೆ ಉಳಿದ ಬೆಸುಗೆಯ ಫ್ಲಕ್ಸ್‌ನಲ್ಲೇ ಕರೆಂಟ್ ಸೋರುತ್ತಿತ್ತು. ಮಳೆಗಾಲದಲ್ಲಂತೂ ಬೇಸ್‌ಲೈನ್ ನಿಲ್ಲುತ್ತಲೇ ಇರಲಿಲ್ಲ. ಇನ್‌ಪುಟ್ ಕಾಲನ್ನು ಬೋರ್ಡಿನಿಂದ ಎತ್ತಿ ಗಾಳಿಯಲ್ಲೇ ಬೆಸುಗೆ ಹಾಕಿದೆ, ಸರಿಹೋಯಿತು. ಎಲ್ಲವನ್ನೂ ಸ್ಟೀಲಿನ ಅಕ್ಕಿ ಡಬ್ಬದಲ್ಲಿ ಇಟ್ಟು ಒಂದೇ ಕಡೆ ಅರ್ಥ್ ಕೊಟ್ಟ ಮೇಲೆ ಕರೆಂಟ್ ಲೈನಿನ 50 ಹರ್ಟ್ಜ್ ಗುಂಯ್‌ಗುಟ್ಟುವುದೂ ಅಡಗಿತು. ಅದುರದಿರಲಿ ಅಂತ ಡಬ್ಬದ ಕೆಳಗೆ ಕಡಪ ಕಲ್ಲು, ಅದರ ಕೆಳಗೆ ಅರ್ಧ ಗಾಳಿ ತುಂಬಿದ ಸ್ಕೂಟರ್ ಟ್ಯೂಬು. ಪೂರ್ತಿ ಗಾಳಿ ತುಂಬಿದರೆ ಏನೂ ಪ್ರಯೋಜನವಿಲ್ಲ.

ಖರ್ಚು 14 ಸಾವಿರದ ಆಸುಪಾಸು. ಅದರಲ್ಲಿ ಮೂರು ಸಾವಿರ ಸುಟ್ಟ ಚಿಪ್‌ಗಳದ್ದೇ ಇರಬೇಕು. ಲಿಪಿಡ್ ದುಡ್ಡು ಬೇರೆ, ಅದು ಇದಕ್ಕಿಂತ ಜಾಸ್ತಿ.

ಮೊದಲ ಸಲ ಮೆಟ್ಟಿಲು ಬಂದಾಗ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ಗ್ರಾಮಿಸಿಡಿನ್ ಹಾಕದೆ ಓಡಿಸಿದೆ. ಅದೇ ಮೆಟ್ಟಿಲು! ಪೊರೆ ಕೂರುವ ಟೆಫ್ಲಾನ್ ಕಪ್ಪಿಗೆ ಹಳೆಯ ಗ್ರಾಮಿಸಿಡಿನ್ ಅಂಟಿಕೊಂಡಿತ್ತು. ನೀರಿನಲ್ಲಿ ಎಷ್ಟು ತೊಳೆದರೂ ಅದು ಬಿಡುವುದಿಲ್ಲ. ಮೆಥನಾಲ್, ಕ್ಲೋರೋಫಾರ್ಮ್, ಮತ್ತೆ ಮೆಥನಾಲ್, ಹೀಗೆ ಎರಡು ದಿನ ತೊಳೆದೆ. ಆಮೇಲೆ ಖಾಲಿ ಪೊರೆ ಒಂದು ಗಂಟೆ ಗೆರೆ ಎಳೆದ ಹಾಗೆ ನಿಂತಿತು. ಈಗ ಗ್ರಾಮಿಸಿಡಿನ್‌ಗೆ ಒಂದು ಕಪ್, ಖಾಲಿ ಪೊರೆಗೆ ಇನ್ನೊಂದು. ಲಿಪಿಡ್ ಬಳಿಯುವ ಬ್ರಷ್ ಕೂಡ ಬೇರೆ ಬೇರೆ.

ಆದರೂ ಒಬ್ಬರು ಹಿರಿಯರು ನಂಬಲಿಲ್ಲ. "ಪೊರೆ ತೂತಾದರೂ ಹೀಗೇ ಕಾಣತ್ತೆ ಕಣಪ್ಪಾ" ಅಂದರು. ಅವರ ಎದುರಿಗೇ ಪೊಟ್ಯಾಸಿಯಂ ತೆಗೆದು ಸೋಡಿಯಂ ಹಾಕಿದೆ. ಮೆಟ್ಟಿಲು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಸೀಸಿಯಂಗೆ ಪೊಟ್ಯಾಸಿಯಂಗಿಂತಲೂ ಮೇಲೆ ಹೋಯಿತು. ಗ್ರಾಮಿಸಿಡಿನ್‌ನ ಲಕ್ಷಣವೇ ಇದು. ಸುಮ್ನೆ ಹರಿದ ತೂತಿನಲ್ಲಿ ಒಂದೇ ಅಳತೆಯ ಮೆಟ್ಟಿಲು ನೂರಾರು ಸಲ ಬರತ್ತಾ? ಅವರು ಕುರ್ಚಿ ಎಳೆದುಕೊಂಡು ಮಧ್ಯಾಹ್ನದವರೆಗೆ ನೋಡುತ್ತಾ ಕೂತರು.

ನಡುವೆ ದುಡ್ಡು ಉಳಿಸಲು ಮೊಟ್ಟೆ ಹಳದಿಯಿಂದ ಲಿಪಿಡ್ ತೆಗೆದೂ ನೋಡಿದೆ. ಅಸಿಟೋನ್‌ನಲ್ಲಿ ಚೆನ್ನಾಗಿಯೇ ತಳಕ್ಕಿಳಿಯಿತು, ಪೊರೆಯೂ ಆಯಿತು. ವಾರದಲ್ಲಿ ಆಕ್ಸಿಡೈಸ್ ಆಗಿ ಹತ್ತು ನಿಮಿಷಕ್ಕೊಮ್ಮೆ ಒಡೆಯತೊಡಗಿತು. ಡಿಫೈಟನಾಯಿಲ್‌ನಲ್ಲಿ ಹಾಗೆ ಆಕ್ಸಿಡೈಸ್ ಆಗುವ ಡಬಲ್ ಬಾಂಡೇ ಇಲ್ಲ, ಆ ಕಾಟವಿಲ್ಲ.

ಪೊರೆ ಕೂರಿಸುವ ತೂತಿನ ವಿಷಯ ಎಲ್ಲರೂ ಕೇಳುತ್ತಾರೆ. 25 ಮೈಕ್ರಾನ್ ಟೆಫ್ಲಾನ್ ಹಾಳೆ, ಸುಮಾರು 150 ಮೈಕ್ರಾನ್ ತೂತು, ಅಂಚು ನುಣುಪಾಗಿರಬೇಕು. ಕೆಪಾಸಿಟೆನ್ಸ್ 60–80 ಪಿಕೋ ಫ್ಯಾರಡ್ ಬಂದರೆ ಪೊರೆ ತೆಳುವಾಗಿದೆ ಅಂತ ಲೆಕ್ಕ. ಸೂಜಿ ಎಷ್ಟು ಬಿಸಿ, ಹಾಳೆಯ ಕೆಳಗೆ ಏನು ಇಡಬೇಕು ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ನಲವತ್ತು ಹಾಳೆ ಹಾಳಾಗಿವೆ.